ಬಳಗ ನಡೆಸುವ ಕೈಗಳು: ಆನ್‌ಲೈನ್ ಆರೋಗ್ಯ ಗುಂಪುಗಳಲ್ಲಿ ಸ್ವಯಂಸೇವಕರು ಏನು ಮಾಡುತ್ತಾರೆ, ಎಲ್ಲಿ ಸೋಲುತ್ತಾರೆ

ರಾತ್ರಿ ಒಂದೂವರೆಗೆ ಮಧುಮೇಹಿಗಳ ಆನ್‌ಲೈನ್ ಬಳಗದಲ್ಲಿ ಒಂದು ಸಂದೇಶ ಬೀಳುತ್ತದೆ ಎಂದುಕೊಳ್ಳಿ: ‘ಅಪ್ಪನಿಗೆ ಶುಗರ್ 6.2 ಬಂದಿದೆ. ಇನ್ಸುಲಿನ್ ಕೊಡಲಾ, ಬೇಡವಾ?’ ಐದೇ ನಿಮಿಷದಲ್ಲಿ ಮೂರು ಉತ್ತರ. ‘ನಾರ್ಮಲ್ ಇದೆ, ಕೊಡಿ’ ಎನ್ನುತ್ತಾರೆ ಒಬ್ಬರು. ‘ಅಯ್ಯೋ, ತುಂಬಾ ಕಡಿಮೆ, ಮೊದಲು ಸಕ್ಕರೆ ತಿನ್ನಿಸಿ’ ಎನ್ನುತ್ತಾರೆ ಇನ್ನೊಬ್ಬರು. ‘ಅದು ಮೂರು ತಿಂಗಳ ಟೆಸ್ಟ್ ಇರಬೇಕು’ ಎಂದು ಮತ್ತೊಬ್ಬರು.

ಮೂವರೂ ತಮಗೆ ತಿಳಿದದ್ದನ್ನೇ ಹೇಳಿದ್ದಾರೆ. ಮೀಟರ್ ಮಿಲಿಮೋಲ್ ಲೆಕ್ಕ (ಕೆಲವು ದೇಶಗಳಲ್ಲಿ ಬಳಸುವ ಅಳತೆ) ತೋರಿಸುವಂಥದ್ದಾದರೆ 6.2 ಅಂದರೆ ಮಿಲಿಗ್ರಾಂ ಲೆಕ್ಕದಲ್ಲಿ ಸುಮಾರು 112. ಮಿಲಿಮೋಲ್ ಅಂಕಿಯನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಸಿಗುತ್ತದೆ. ಅದು ಲ್ಯಾಬಿನ ಎಚ್‌ಬಿಎ1ಸಿ ಆಗಿದ್ದರೆ ಶೇಕಡಾ 6.2, ಎಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ. ಅದನ್ನು ನೋಡಿಕೊಂಡು ಈ ರಾತ್ರಿಯ ಡೋಸ್ ನಿರ್ಧರಿಸಲಾಗದು. ಇನ್ನೂ ಒಂದು ಸಾಧ್ಯತೆಯನ್ನು ಯಾರೂ ನೆನೆದಿಲ್ಲ. ನಿದ್ದೆಗಣ್ಣಿನಲ್ಲಿ 62 ಎಂದು ಒತ್ತಲು ಹೋಗಿ ನಡುವೆ ಚುಕ್ಕೆ ಬಿದ್ದಿದ್ದರೆ? ಮಿಲಿಗ್ರಾಂ ಲೆಕ್ಕದಲ್ಲಿ 70ಕ್ಕಿಂತ ಕೆಳಗಿಳಿದ ಶುಗರ್‌ಗೆ ತಕ್ಷಣ ಸಕ್ಕರೆ ಬೇಕು. ಆಗ ಕೊಟ್ಟ ಇನ್ಸುಲಿನ್ ಜೀವಕ್ಕೇ ಮುಳುವಾಗಬಹುದು.

ಬಳಗ ನಡೆಸುವ ಒಳ್ಳೆಯ ಮುಂದಾಳು ಇಲ್ಲಿ ನಾಲ್ಕನೆಯ ಉತ್ತರ ಸೇರಿಸುವುದಿಲ್ಲ. ‘ಈಗಷ್ಟೇ ಬೆರಳು ಚುಚ್ಚಿ ನೋಡಿದ್ದಾ, ಲ್ಯಾಬ್ ರಿಪೋರ್ಟಾ? ಮೀಟರಿನಲ್ಲಿ ಅಂಕಿಯ ಪಕ್ಕ ಏನು ಬರೆದಿದೆ? ಅಪ್ಪನಿಗೆ ಬೆವರು, ನಡುಕ, ಮಂಕು ಇದೆಯಾ? ಇದು ಗೊತ್ತಾಗುವವರೆಗೆ ದಯವಿಟ್ಟು ಯಾರೂ ಡೋಸ್ ಹೇಳಬೇಡಿ. ಮಾತನಾಡಿಸಿದರೆ ಸರಿಯಾಗಿ ಉತ್ತರಿಸುತ್ತಿಲ್ಲ ಎಂದಾದರೆ ಇಲ್ಲಿ ಕಾಯಬೇಡಿ, ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್‌ಗೆ ಕರೆ ಮಾಡಿ.’ ಇಷ್ಟೇ. ಸಂಬಳವಿಲ್ಲದೆ, ವೈದ್ಯಕೀಯ ಪದವಿಯಿಲ್ಲದೆ, ಹೆಚ್ಚಿನವರು ತಾವೇ ರೋಗಿಗಳಾಗಿದ್ದುಕೊಂಡು ಮಾಡುವ ಈ ಕೆಲಸದ ತಿರುಳು ಈ ಕೆಲವು ಸಾಲುಗಳಲ್ಲಿದೆ. ತಪ್ಪು ಕಡೆಗೆ ಓಡುತ್ತಿರುವ ಪ್ರಶ್ನೆಯನ್ನು ನಿಲ್ಲಿಸಿ, ಸರಿಯಾದ ಬಾಗಿಲಿಗೆ ಕರೆದೊಯ್ಯುವುದು ಅದು.

ಬಳಗ ತಾನಾಗಿ ತಿದ್ದಿಕೊಳ್ಳುತ್ತದೆಯೇ?

‘ರೋಗಿಗಳು ಸೇರಿದ ಕಡೆ ಬರೀ ತಪ್ಪು ಮಾಹಿತಿ’ ಎಂಬ ಮಾತು ವೈದ್ಯರ ವಲಯದಲ್ಲಿ ಹಳೆಯದು. ಅದು ಪೂರ್ತಿ ನಿಜವಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸ್ತನ ಕ್ಯಾನ್ಸರ್ ರೋಗಿಗಳ ಇಮೇಲ್ ಬಳಗದ 4,600 ಸಂದೇಶಗಳನ್ನು ಓದಿ ನೋಡಿತು. ಸುಳ್ಳು ಅಥವಾ ದಾರಿ ತಪ್ಪಿಸುವಂಥವು ಎಂದು ಸಿಕ್ಕಿದ್ದು 10 ಮಾತ್ರ. ಅವುಗಳಲ್ಲಿ 7ನ್ನು ಇತರ ಸದಸ್ಯರೇ ಸರಾಸರಿ 4 ಗಂಟೆ 33 ನಿಮಿಷದೊಳಗೆ ತಿದ್ದಿದ್ದರು.

ಈ ಅಂಕಿಯನ್ನು ಹಿಡಿದು ‘ಗುಂಪು ತಾನೇ ತಾನಾಗಿ ಸರಿಹೋಗುತ್ತದೆ’ ಎನ್ನುವವರಿದ್ದಾರೆ. ನನ್ನ ಓದಿನಲ್ಲಿ ಅದು ಹೇಳುವುದು ಬೇರೆ. ಅಲ್ಲಿ ಯಾರೋ ಎಚ್ಚರವಾಗಿದ್ದರು, ವಿಷಯ ಬಲ್ಲವರಾಗಿದ್ದರು, ತಪ್ಪನ್ನು ತಪ್ಪೆನ್ನುವ ಧೈರ್ಯವನ್ನೂ ಬಳಗ ಅವರಿಗೆ ಕೊಟ್ಟಿತ್ತು. ಅದು ದುಡಿಮೆ, ತಾನಾಗಿ ಆಗಿದ್ದಲ್ಲ. ಇನ್ನೊಂದು ಮಾತು: ನಾಲ್ಕೂವರೆ ಗಂಟೆ ಆಹಾರಪಥ್ಯದ ಚರ್ಚೆಗೆ ಸಾಕು, ಎದೆನೋವಿಗೆ ಸಾಲದು.

ಬಳಗದ ತಿಳಿವಳಿಕೆಗೆ ನಿಜವಾದ ಬೆಲೆಯಿದೆ ಎಂಬುದಕ್ಕೆ ಉದಾಹರಣೆಗಳು ಕಡಿಮೆಯಿಲ್ಲ. ಅಮೆರಿಕದ ಡೇವ್ ಡಿಬ್ರಾಂಕಾರ್ಟ್ ಅವರಿಗೆ 2007ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಪತ್ತೆಯಾದಾಗ, ಅವರ ವೈದ್ಯರೇ ಅವರನ್ನು 1995ರಲ್ಲಿ ಶುರುವಾದ ‘ಅಸೋಸಿಯೇಷನ್ ಆಫ್ ಕ್ಯಾನ್ಸರ್ ಆನ್‌ಲೈನ್ ರಿಸೋರ್ಸಸ್’ ಬಳಗದತ್ತ ಕಳಿಸಿದರು. ಇಂಟರ್‌ಲ್ಯೂಕಿನ್-2 ಎಂಬ ಚಿಕಿತ್ಸೆಯ ಬಗ್ಗೆ, ಅದನ್ನು ಎಲ್ಲೆಲ್ಲಿ ಕೊಡುತ್ತಾರೆ, ಅಡ್ಡಪರಿಣಾಮಗಳನ್ನು ಹೇಗೆ ಎದುರಿಸಬೇಕು ಎಂಬುದರ ಬಗ್ಗೆ ಅನುಭವಸ್ಥರು ಅಲ್ಲಿ ಹೇಳಿಕೊಟ್ಟರು. 2020ರಲ್ಲಿ ಕೋವಿಡ್‌ನಿಂದ ತಿಂಗಳುಗಟ್ಟಲೆ ಚೇತರಿಸಿಕೊಳ್ಳದ ರೋಗಿಗಳು ಆನ್‌ಲೈನ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ‘ಲಾಂಗ್ ಕೋವಿಡ್’ ಎಂಬ ಹೆಸರು ಹುಟ್ಟಿದ್ದೂ ಅವರ ನಡುವೆಯೇ. ಆ ರೋಗಿಗಳದೇ ತಂಡ ನಡೆಸಿದ ಸಮೀಕ್ಷೆ 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು: 56 ದೇಶಗಳ 3,762 ಮಂದಿ, 203 ಲಕ್ಷಣಗಳು.

ಇದರ ಮತ್ತೊಂದು ಮುಖವನ್ನೂ ನೋಡಬೇಕು. 2008ರಲ್ಲಿ ಇಟಲಿಯ ಸಣ್ಣ ಅಧ್ಯಯನವೊಂದು ಎಎಲ್‌ಎಸ್ ಎಂಬ ನರರೋಗವನ್ನು ಲಿಥಿಯಂ ಎಂಬ ಔಷಧಿ ನಿಧಾನಗೊಳಿಸುತ್ತದೆ ಎಂದಿತು. ಬೇರೆ ದಾರಿ ಕಾಣದ ರೋಗಿಗಳು ಅದನ್ನು ತೆಗೆದುಕೊಳ್ಳತೊಡಗಿದರು. ‘ಪೇಷಂಟ್ಸ್‌ಲೈಕ್‌ಮಿ’ ಎಂಬ ರೋಗಿಗಳ ಆನ್‌ಲೈನ್ ಬಳಗ ಹಾಗೆ ತೆಗೆದುಕೊಂಡ 149 ಮಂದಿಯ ಮಾಹಿತಿಯನ್ನು ಅವರಂತೆಯೇ ರೋಗ ಸಾಗುತ್ತಿದ್ದ, ಲಿಥಿಯಂ ತೆಗೆದುಕೊಳ್ಳದ ರೋಗಿಗಳ ಜೊತೆ ಹೋಲಿಸಿ 2011ರಲ್ಲಿ ಫಲಿತಾಂಶ ಹೊರತಂದಿತು: ಯಾವ ಪ್ರಯೋಜನವೂ ಕಾಣಲಿಲ್ಲ. ಅದೇ ಬಳಗದ ಆಸೆ, ಅದೇ ಬಳಗದ ದಾಖಲೆ. ನಡುವೆ ವ್ಯತ್ಯಾಸ ತಂದದ್ದು ಶಿಸ್ತಾಗಿ ಬರೆದಿಟ್ಟ ವಿವರ. ಕೇವಲ ‘ನನಗೆ ಗುಣ ಕಂಡಿತು’ ಎಂಬ ಸಂದೇಶಗಳನ್ನೇ ನೆಚ್ಚಿಕೊಂಡಿದ್ದರೆ ಲಿಥಿಯಂ ಇನ್ನೂ ಎಷ್ಟು ಕಾಲ ಓಡುತ್ತಿತ್ತೋ.

ಕಾಣದ ಓದುಗರು

ಆನ್‌ಲೈನ್ ಬಳಗಗಳಲ್ಲಿ ನೂರರಲ್ಲಿ 90 ಮಂದಿ ಓದುತ್ತಾರಷ್ಟೇ, 9 ಮಂದಿ ಆಗೀಗ ಬರೆಯುತ್ತಾರೆ, ಒಬ್ಬರು ಬಹುಪಾಲು ಬರೆಯುತ್ತಾರೆ ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಕೊಟ್ಟರು. ಗುಂಪಿನಿಂದ ಗುಂಪಿಗೆ ಅಂಕಿ ಬದಲಾದೀತು, ಆದರೆ ಗುಂಪು ನಡೆಸಿದವರೆಲ್ಲ ಇದರ ಚಹರೆಯನ್ನು ಗುರುತಿಸಬಲ್ಲರು. ಹೊಸದಾಗಿ ರೋಗ ಪತ್ತೆಯಾದವರು ವಾರಗಟ್ಟಲೆ ಸುಮ್ಮನೆ ಓದುತ್ತಾರೆ. ಹಳೆಯ ಸಂದೇಶಗಳನ್ನು ಹುಡುಕುತ್ತಾರೆ, ತಮ್ಮಂಥದೇ ಲಕ್ಷಣ ಕಂಡರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತಾರೆ.

ಹಾಗಾಗಿ ಒಬ್ಬರಿಗೆಂದು ಬರೆದ ಉತ್ತರ ಒಬ್ಬರಿಗೇ ತಲುಪುವುದಿಲ್ಲ. ‘ನಿಮ್ಮ ಕ್ರಿಯಾಟಿನಿನ್ ಚೆನ್ನಾಗಿದೆಯಲ್ಲ, ಆ ನೋವಿನ ಮಾತ್ರೆ ತೆಗೆದುಕೊಳ್ಳಬಹುದು’ ಎಂಬ ಸಾಲನ್ನು (ಕ್ರಿಯಾಟಿನಿನ್ ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ಕಿಡ್ನಿ ಅರ್ಧ ಕೆಟ್ಟವರೂ ಓದುತ್ತಾರೆ, ಮೊದಲ ಅರ್ಧವನ್ನು ಮರೆಯುತ್ತಾರೆ. ಅನುಭವಿ ಮುಂದಾಳುಗಳು ಇದಕ್ಕಾಗಿಯೇ ಮಾತಿನ ಅಚ್ಚನ್ನು ಬದಲಿಸಿಕೊಂಡಿರುತ್ತಾರೆ. ‘ನೀವು ಹೀಗೆ ಮಾಡಿ’ ಎನ್ನುವ ಕಡೆ ‘ನನಗೆ ಹೀಗಾಯಿತು, ನನ್ನ ಡಾಕ್ಟರ್ ಈ ಕಾರಣಕ್ಕೆ ಹೀಗೆ ಹೇಳಿದರು, ನೀವು ನಿಮ್ಮವರಲ್ಲಿ ಈ ಮೂರು ಪ್ರಶ್ನೆ ಕೇಳಿ’ ಎನ್ನುತ್ತಾರೆ. ಆ ಮೂರು ಪ್ರಶ್ನೆಗಳನ್ನು ಬರೆದುಕೊಡುವುದೇ ದೊಡ್ಡ ಉಪಕಾರ. ಹತ್ತು ನಿಮಿಷದ ಭೇಟಿಯಲ್ಲಿ ಗಾಬರಿಗೊಂಡ ರೋಗಿಗೆ ಏನು ಕೇಳಬೇಕೆಂಬುದೇ ಮರೆತಿರುತ್ತದೆ.

ಅಳಿಸುವುದೂ ಇಲ್ಲೇ ಎಡವುತ್ತದೆ. ‘ಸ್ಟೀರಾಯ್ಡ್ ನಿಲ್ಲಿಸಿಬಿಟ್ಟೆ, ಈಗ ಆರಾಮ’ ಎಂದು ಒಬ್ಬರು ಬರೆದರು ಎನ್ನಿ. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ತೆಗೆದುಕೊಂಡ ದೇಹದಲ್ಲಿ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ತಗ್ಗಿಸಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗಬಹುದು; ಅದಕ್ಕೇ ವೈದ್ಯರು ಡೋಸನ್ನು ಹಂತ ಹಂತವಾಗಿ ಇಳಿಸುವುದು. ಮುಂದಾಳು ಆ ಸಂದೇಶವನ್ನು ಅಳಿಸಿದರೆ ಅಷ್ಟರಲ್ಲಿ ಓದಿದವರ ತಲೆಯಿಂದ ಅದು ಅಳಿಯದು. ‘ಇದನ್ನು ಮುಚ್ಚಿಡುತ್ತಿದ್ದಾರೆ’ ಎಂಬ ಗುಮಾನಿಯೂ ಜೊತೆಗೆ ಹುಟ್ಟುತ್ತದೆ. ಕೆಲಸ ಮಾಡುವ ಕ್ರಮ ಇದು: ಮೊದಲು ಬರೆದವರಿಗೆ ಖಾಸಗಿಯಾಗಿ ‘ಈಗ ಹೇಗಿದ್ದೀರಿ, ತಲೆಸುತ್ತು ವಾಂತಿ ಇದೆಯಾ, ಡಾಕ್ಟರ್‌ಗೆ ತಿಳಿಸಿದ್ದೀರಾ’ ಎಂದು ಕೇಳುವುದು. ಬಳಿಕ ಅದೇ ಸಂದೇಶದ ಕೆಳಗೆ, ಸರಿಯಾದ ವಿಷಯದಿಂದಲೇ ಶುರುಮಾಡಿ, ಎಲ್ಲಿ ಅಪಾಯ ಮತ್ತು ಯಾಕೆ ಎಂದು ಮೂರು ನಾಲ್ಕು ಸಾಲಿನಲ್ಲಿ ಬರೆಯುವುದು. ವ್ಯಕ್ತಿಯನ್ನು ಹಂಗಿಸಬಾರದು; ಹಂಗಿಸಿದರೆ ಮುಂದಿನ ಸಲ ಅವರು ಔಷಧಿ ಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ. ತಕ್ಷಣ ಅಳಿಸಲೇಬೇಕಾದವು ಬೇರೆ ಇವೆ: ಸ್ವಹಾನಿಯ ವಿಧಾನದ ವಿವರ, ಇನ್ನೊಬ್ಬರ ಖಾಸಗಿ ಮಾಹಿತಿ, ಮಾರಾಟ. ತಿನ್ನುವ ಕಾಯಿಲೆಗಳ, ಅಂದರೆ ಈಟಿಂಗ್ ಡಿಸಾರ್ಡರ್‌ಗಳ ಬಳಗಗಳಲ್ಲಿ ತೂಕ, ಕ್ಯಾಲೊರಿಗಳ ಅಂಕಿಯನ್ನೂ ಬರೆಯಗೊಡುವುದಿಲ್ಲ. ಹೊರಗಿನವರಿಗೆ ಅದು ಅತಿ ಎನಿಸಬಹುದು. ಆದರೆ ಅಲ್ಲಿ ಒಬ್ಬರ ಅಂಕಿ ಇನ್ನೊಬ್ಬರಿಗೆ ಪೈಪೋಟಿಯ ಗುರಿಯಾಗುತ್ತದೆ.

ಮಾಹಿತಿಯ ಕಡತ

ಪದೇ ಪದೇ ಬರುವ ಪ್ರಶ್ನೆಗಳಿಗೆ ಪಿನ್ ಮಾಡಿಟ್ಟ ಕಡತವೊಂದು ಎಲ್ಲ ಗುಂಪಿನಲ್ಲೂ ಇರುತ್ತದೆ, ಎರಡು ವರ್ಷದಿಂದ ಯಾರೂ ಮುಟ್ಟಿರುವುದಿಲ್ಲ. ಅದರ ನೆತ್ತಿಯಲ್ಲಿ ದಿನಾಂಕ, ಪರಿಶೀಲಿಸಿದವರು ಯಾರು, ಮತ್ತೆ ಯಾವಾಗ ನೋಡಬೇಕು ಎಂಬ ಮೂರು ಸಾಲು ಇರಲೇಬೇಕು. ಆರು ತಿಂಗಳಿಗೊಮ್ಮೆ ನೋಡುವುದು ಸರಿಯಾದ ಅಳತೆ ಎಂದು ನನ್ನ ಅಭಿಪ್ರಾಯ. ಔಷಧಿಯ ಬ್ರ್ಯಾಂಡ್ ಹೆಸರಿಗಿಂತ ಮೂಲ ಹೆಸರು ಮೇಲು, ಏಕೆಂದರೆ ಒಂದೇ ಬ್ರ್ಯಾಂಡ್ ಹೆಸರು ಬೇರೆ ಬೇರೆ ದೇಶಗಳಲ್ಲಿ ಬೇರೆ ಔಷಧಿಯಾಗಿರಬಹುದು. ಪ್ರತಿ ಅಂಕಿಗೂ ಯೂನಿಟ್ ಬೇಕು.

ಯೂನಿಟ್ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ಸುಲಿನ್ ಸಿರಿಂಜ್ ನೋಡಿ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ ಒಂದು ಸಿರಿಂಜ್, 100 ಯೂನಿಟ್ ಇರುವುದಕ್ಕೆ ಇನ್ನೊಂದು. 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ 100ರ ಇನ್ಸುಲಿನ್ ಎಳೆದರೆ ಒಳಗೆ ಬರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಬೇಕಾದದ್ದರ ಎರಡೂವರೆ ಪಟ್ಟು. ತಿರುಗುಮುರುಗಾದರೆ 20ರ ಬದಲು 8 ಯೂನಿಟ್ ಮಾತ್ರ ಹೋಗುತ್ತದೆ, ಶುಗರ್ ಏಕೆ ಇಳಿಯುತ್ತಿಲ್ಲವೆಂದು ಮನೆಮಂದಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ‘ನಾನು 20 ಹಾಕಿಕೊಳ್ಳುತ್ತೇನೆ’ ಎಂದು ಬರೆದವರಿಗೆ ‘ಯಾವ ಬಾಟಲಿ, ಯಾವ ಸಿರಿಂಜ್’ ಎಂದು ಕೇಳುವ ಅಭ್ಯಾಸ ಬಳಗಕ್ಕೆ ಬಂದರೆ ಕಡತ ಬರೆದ ಶ್ರಮ ಸಾರ್ಥಕ.

ಬಳಗದಲ್ಲಿ ವೈದ್ಯರೊಬ್ಬರು ಇದ್ದರೆ ಎಲ್ಲ ಸಲೀಸು ಎಂದು ತೋರುತ್ತದೆ. ಆದರೆ ರೋಗಿಯನ್ನು ನೋಡದೆ ಅವರು ಬರೆದ ಒಂದು ಸಾಲು ಗುಂಪಿನಲ್ಲಿ ಔಷಧಿ ಚೀಟಿಯಾಗಿ ಓಡಾಡತೊಡಗುತ್ತದೆ. ತಿಂಗಳಿಗೊಮ್ಮೆ ಒಂದು ಗಂಟೆ, ಸ್ವಯಂಸೇವಕರು ಮೊದಲೇ ಸೋಸಿ ಕೊಟ್ಟ ಸಾಮಾನ್ಯ ಪ್ರಶ್ನೆಗಳಿಗೆ ಅವರಿಂದ ಉತ್ತರ, ಆಮೇಲೆ ಆ ಉತ್ತರಗಳು ಕಡತಕ್ಕೆ: ಈ ಏರ್ಪಾಡು ಇಬ್ಬರಿಗೂ ಕ್ಷೇಮ.

ತುರ್ತು ಬಂದಾಗ

ಎದೆನೋವು, ಉಸಿರಾಟದ ತೊಂದರೆ, ಒಂದು ಪಕ್ಕದ ಬಲಹೀನತೆ, ಮಾತು ತೊದಲುವುದು, ಔಷಧಿ ಅತಿಯಾಗಿ ನುಂಗಿರುವುದು, ಕೀಮೋ ನಡೆಯುತ್ತಿರುವಾಗ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ. ಇಂಥವು ಚರ್ಚೆಯ ವಿಷಯಗಳಲ್ಲ. ಕೀಮೋ ಜ್ವರದ ಮಾತನ್ನು ಕ್ಯಾನ್ಸರ್ ಬಳಗಗಳು ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಏಕೆಂದರೆ ಬೇರೆಯವರಿಗೆ 38 ಅಂದರೆ ಮಾತ್ರೆ ನುಂಗಿ ಮಲಗುವ ಜ್ವರ. ಬಿಳಿ ರಕ್ತಕಣ ಕುಸಿದವರಿಗೆ ಅದು ಗಂಟೆಗಳ ಲೆಕ್ಕದಲ್ಲಿ ಆಂಟಿಬಯಾಟಿಕ್ ಬೇಕಾದ ಸ್ಥಿತಿ. ಇವಕ್ಕೆ ಉತ್ತರದ ಮಾದರಿಯನ್ನು ಮೊದಲೇ ಬರೆದಿಟ್ಟುಕೊಂಡು, ಸದಸ್ಯರಿರುವ ದೇಶಗಳ ತುರ್ತು ಸಂಖ್ಯೆಗಳನ್ನು ಪಿನ್ ಮಾಡಿ, ಆ ಚರ್ಚೆಯಲ್ಲಿ ಬೇರೆಯವರ ಪ್ರತಿಕ್ರಿಯೆಯನ್ನು ಮುಚ್ಚಿಬಿಡುವುದು ಲೇಸು. ಇಲ್ಲವಾದರೆ ರೋಗಿ ಹತ್ತು ಮಂದಿಯ ಸಮಾಧಾನ ಓದುತ್ತಾ ಕೂತುಬಿಡುತ್ತಾರೆ.

ಬದುಕುವ ಆಸೆಯಿಲ್ಲ ಎಂಬ ಸಂದೇಶ ಬಂದಾಗ ಹೆಚ್ಚಿನ ಸ್ವಯಂಸೇವಕರು ತಡವರಿಸುತ್ತಾರೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದೀತು ಎಂಬ ಭಯ. ನೇರವಾಗಿ, ಮೆಲುವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತಿರುವ ಮಾತು. ‘ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದೆಯಾ? ಈಗ ನಿಮ್ಮ ಜೊತೆ ಯಾರಿದ್ದಾರೆ?’ ಎಂದು ಕೇಳಿ, ಒಬ್ಬ ಸ್ವಯಂಸೇವಕ ಅವರೊಡನೆ ಮಾತಿನಲ್ಲಿರುವಾಗ ಇನ್ನೊಬ್ಬರು ಸಹಾಯವಾಣಿ, ಮನೆಯವರು, ತುರ್ತು ಸೇವೆಯ ಕಡೆ ನೋಡಬೇಕು. ಒಬ್ಬರೇ ನಿಭಾಯಿಸಹೋಗಬಾರದು, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಕೊಟ್ಟರೆ ಅದನ್ನು ಮುರಿಯಬೇಕಾಗಿ ಬರುತ್ತದೆ, ಇಲ್ಲವೇ ಮುರಿಯದೆ ಕೆಡುಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರ ತನ್ನ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರು ಹೆಜ್ಜೆ ಹೇಳುತ್ತದೆ: ನೋಡು, ಆಲಿಸು, ಜೋಡಿಸು (ಅಂದರೆ ಸರಿಯಾದ ನೆರವಿಗೆ ತಲುಪಿಸು). ಒಳ್ಳೆಯ ಮನಸ್ಸಿನವರು ಮೊದಲ ಎರಡರಲ್ಲೇ ಮುಳುಗಿ ಮೂರನೆಯದಕ್ಕೆ ತಡಮಾಡುತ್ತಾರೆ.

ಬಾಗಿಲ ಬಳಿ ಬರುವವರು

ಪವಾಡದ ಪುಡಿ ಮಾರುವವರು ಬಂದ ದಿನವೇ ಜಾಹೀರಾತು ಹಾಕುವುದಿಲ್ಲ. ಎರಡು ಮೂರು ವಾರ ಎಲ್ಲರ ಸಂದೇಶಕ್ಕೂ ಹೃದಯದ ಚಿಹ್ನೆ ಒತ್ತುತ್ತಾರೆ, ಹಬ್ಬಕ್ಕೆ ಶುಭಾಶಯ ಹೇಳುತ್ತಾರೆ. ಯಾರು ಹೊಸದಾಗಿ ರೋಗ ತಿಳಿದು ಕಂಗೆಟ್ಟಿದ್ದಾರೋ ಅವರಿಗೆ ಖಾಸಗಿ ಸಂದೇಶ ಹೋಗುತ್ತದೆ. ಗುಂಪಿನ ಗೋಡೆಯಲ್ಲಿ ಕಲೆಯೇ ಇಲ್ಲ, ಒಳಗೊಳಗೇ ವ್ಯಾಪಾರ ನಡೆದಿರುತ್ತದೆ. ಅಡ್ಮಿನ್‌ಗಳು ಗೋಡೆಯನ್ನೇ ಕಾಯುತ್ತಾ ಕೂತರೆ ಇದು ಕಣ್ಣಿಗೆ ಬೀಳದು. ಸ್ವಾಗತದ ಸಂದೇಶದಲ್ಲೇ ‘ಔಷಧಿಯ ಬಗ್ಗೆ ನಿಮಗೆ ಯಾರಾದರೂ ಖಾಸಗಿಯಾಗಿ ಬರೆದರೆ ನಮಗೆ ತಿಳಿಸಿ, ನಿಮ್ಮ ಹೆಸರು ಹೊರಗೆ ಬರುವುದಿಲ್ಲ’ ಎಂದು ಸೇರಿಸುವುದು ಎಲ್ಲಕ್ಕಿಂತ ಪರಿಣಾಮಕಾರಿ.

ಇಲ್ಲದ ರೋಗ ನಟಿಸುವವರೂ ಇದ್ದಾರೆ. ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ 2000ದಲ್ಲಿ ಇದನ್ನು ‘ಮಂಚಾಸನ್ ಬೈ ಇಂಟರ್ನೆಟ್’ ಎಂದು ಕರೆದರು; ಮಂಚಾಸನ್ ಎಂದರೆ ಇಲ್ಲದ ಕಾಯಿಲೆ ನಟಿಸುವ ಮನೋರೋಗ. ಇಂಥವರ ಗುರುತುಗಳು ಇವು: ಸಾವಿನ ಅಂಚು, ಮರುದಿನ ಅಚ್ಚರಿಯ ಚೇತರಿಕೆ. ಗಮನ ಬೇರೊಬ್ಬರ ಕಡೆ ಹೊರಳಿದ ಕೂಡಲೇ ಹೊಸ ಬಿಕ್ಕಟ್ಟು. ಪಠ್ಯಪುಸ್ತಕದಿಂದ ಎತ್ತಿದಂಥ ಲಕ್ಷಣಗಳು. ಆದರೆ ನಿಜವಾದ ರೋಗಿಯ ಬದುಕೂ ಕೆಲವೊಮ್ಮೆ ಹೀಗೇ ಏರಿಳಿಯುತ್ತದೆ. ಬಹಿರಂಗವಾಗಿ ಸಂಶಯಿಸಿ ತಪ್ಪಾದರೆ ಅದು ಗಾಯದ ಮೇಲೆ ಬರೆ. ಮೂವರು ಸ್ವಯಂಸೇವಕರು ಹಳೆಯ ಸಂದೇಶಗಳನ್ನು ಒಟ್ಟಿಗೆ ಓದಿ, ಖಾಸಗಿಯಾಗಿ ಮಾತನಾಡಿ ತೀರ್ಮಾನಿಸಲಿ. ಬಳಗದೊಳಗೆ ಹಣ ಸಂಗ್ರಹ ಇಲ್ಲ ಎಂಬ ಒಂದೇ ನಿಯಮ ಇಂಥ ಎಷ್ಟೋ ತೊಂದರೆಗಳನ್ನು ಮೊದಲೇ ತಪ್ಪಿಸುತ್ತದೆ.

ಗುಟ್ಟಿನ ವಿಷಯದಲ್ಲಿ ತಂತ್ರಜ್ಞಾನವನ್ನು ನಂಬಿ ಕೆಟ್ಟವರೂ ಇದ್ದಾರೆ. ಸ್ತನ, ಅಂಡಾಶಯ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷವಿರುವ ಮಹಿಳೆಯರ ಫೇಸ್‌ಬುಕ್ ಗುಂಪು ‘ಕ್ಲೋಸ್ಡ್’ ಎಂದೇ ಇತ್ತು. ಆದರೂ ಸದಸ್ಯರ ಪಟ್ಟಿಯನ್ನು ಹೊರಗಿನವರು ಇಳಿಸಿಕೊಳ್ಳಬಹುದೆಂದು 2018ರಲ್ಲಿ ಆ ಗುಂಪಿನವರೇ ಕಂಡುಹಿಡಿದರು, ಬಳಿಕ ಕಂಪನಿ ಆ ದಾರಿ ಮುಚ್ಚಿತು. ಸದಸ್ಯರ ಪಟ್ಟಿ ಎಂದರೆ ಅಲ್ಲಿ ರೋಗದ ಪಟ್ಟಿಯೇ. ರಿಪೋರ್ಟ್ ಹಾಕುವವರು ಹೆಸರು, ಆಸ್ಪತ್ರೆ ಸಂಖ್ಯೆ, ಬಾರ್‌ಕೋಡ್, ಫೋನ್ ನಂಬರ್ ಮುಚ್ಚಿಯೇ ಹಾಕಬೇಕು. ಹಾಗೆಯೇ ಬಂದರೆ ಮುಂದಾಳು ಮೊದಲು ಅದನ್ನು ತೆಗೆದು, ಆಮೇಲೆ ಉತ್ತರಿಸಬೇಕು. ಸಂಶೋಧಕರು ಸೇರಬಯಸಿದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳುವುದರಲ್ಲಿ ಸಂಕೋಚ ಬೇಡ.

ಹೊರುವ ಹೆಗಲು

ಬಳಗಗಳು ಕುಸಿಯುವುದು ಮಾರಾಟಗಾರರಿಂದಲೋ ಜಗಳಗಂಟರಿಂದಲೋ ಅಲ್ಲ. ಹೆಚ್ಚಾಗಿ ಒಬ್ಬ ಒಳ್ಳೆಯ ಮನುಷ್ಯ ಎಲ್ಲವನ್ನೂ ಹೊತ್ತು ದಣಿದಾಗ. ನೆರವಾಗುವವನಿಗೂ ನೆರವಿನಿಂದ ಲಾಭವಿದೆ ಎಂದು ಸಮಾಜ ವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲೇ ಬರೆದಿದ್ದರು. ತನ್ನ ನೋವು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂತೆಂಬ ಭಾವ ರೋಗಿಯನ್ನು ಎತ್ತಿ ನಿಲ್ಲಿಸುತ್ತದೆ, ಅದು ನಿಜ. ಆದರೆ ರೋಗ ಮರುಕಳಿಸಿದ ವಾರವೂ ಅದೇ ಮುಂದಾಳುವಿಗೆ ದಿನಕ್ಕೆ ಮೂವತ್ತು ಖಾಸಗಿ ಸಂದೇಶ ಬರುತ್ತಿದ್ದರೆ? ತನ್ನದೇ ರೋಗದಿಂದ ಸದಸ್ಯರೊಬ್ಬರು ತೀರಿಕೊಂಡ ದಿನ ಹೊಸಬರಿಗೆ ‘ಧೈರ್ಯವಾಗಿರಿ’ ಎಂದು ಬರೆಯಬೇಕಾದರೆ?

ಇಲ್ಲಿ ಮನಸ್ಸಿನ ಗಟ್ಟಿತನಕ್ಕಿಂತ ಏರ್ಪಾಡು ಮುಖ್ಯ. ಯಾವ ಗುಂಪಿಗೂ ಇಬ್ಬರಿಗಿಂತ ಕಡಿಮೆ ಅಡ್ಮಿನ್ ಇರಬಾರದು. ಇದ್ದೊಬ್ಬರು ಆಸ್ಪತ್ರೆ ಸೇರಿದರೆ ಗುಂಪಿನ ಬೀಗದಕೈ ಅವರ ಫೋನಿನಲ್ಲೇ ಉಳಿಯುತ್ತದೆ. ಕೆಲಸ ಹಂಚಿರಬೇಕು: ಸ್ವಾಗತಕ್ಕೆ ಒಬ್ಬರು, ಕಡತಕ್ಕೆ ಒಬ್ಬರು, ದೂರುಗಳಿಗೆ ಇಬ್ಬರು. ಸರದಿ ಎರಡು ಗಂಟೆಯದ್ದು, ವಾರಕ್ಕೆ ಆರು ಗಂಟೆ ಮೀರದಂತೆ ಇದ್ದರೆ ಉದ್ಯೋಗ, ಚಿಕಿತ್ಸೆ ಎರಡರ ನಡುವೆಯೂ ನಡೆಯುತ್ತದೆ. ರಾತ್ರಿ ಯಾರೂ ಇರುವುದಿಲ್ಲ ಎಂದಾದರೆ ‘ಹನ್ನೊಂದರಿಂದ ಆರರವರೆಗೆ ಇಲ್ಲಿ ಸ್ವಯಂಸೇವಕರಿಲ್ಲ, ತುರ್ತಿಗೆ ಈ ಸಂಖ್ಯೆ’ ಎಂದು ಬರೆದೇ ಇಡಬೇಕು. ಯಾರೋ ನೋಡುತ್ತಿದ್ದಾರೆ ಎಂಬ ಸುಳ್ಳು ಭರವಸೆ ಮೌನಕ್ಕಿಂತ ಅಪಾಯ. ಖಾಸಗಿ ಸಂದೇಶಗಳು ತಂಡದ ಒಂದೇ ಖಾತೆಗೆ ಬರಲಿ. ಸದಸ್ಯರ ಸಾವಿನ ನಂತರ ಅವರಿಗೆ ಹತ್ತಿರವಿದ್ದ ಸ್ವಯಂಸೇವಕರಿಗೆ ಒಂದು ವಾರ ಬಿಡುವು ತಾನಾಗಿಯೇ ಸಿಗಬೇಕು. ಕೇಳಿ ಪಡೆಯಬೇಕೆಂದರೆ ಯಾರೂ ಕೇಳುವುದಿಲ್ಲ.

ಹೊಣೆಗೆ ಅವಧಿಯೂ ಇರಲಿ, ಒಂದು ವರ್ಷ ಸಾಕು. ಬೇಕಿದ್ದರೆ ಮುಂದುವರಿಯಬಹುದು, ಆದರೆ ಗೌರವದಿಂದ ಇಳಿಯಲು ಒಂದು ಬಾಗಿಲು ತೆರೆದಿರಬೇಕು. ಇಳಿಯುವ ಮುನ್ನ ನಾಲ್ಕು ವಾರ ಹೊಸಬರು ಜೊತೆಯಲ್ಲೇ ಕೂತು ಕಲಿಯಲಿ: ಮೊದಲ ವಾರ ನೋಡುವುದು, ಎರಡನೆಯ ವಾರ ಕರಡು ಬರೆದು ಹಳಬರಿಗೆ ತೋರಿಸುವುದು, ಮೂರನೆಯ ವಾರ ತಾವೇ ಉತ್ತರಿಸುವುದು, ನಾಲ್ಕನೆಯ ವಾರ ಕಷ್ಟದ ಪ್ರಕರಣಗಳ ದಾಖಲೆ ಓದುವುದು.

ಹೊಸಬರು ಸಿಗದೇ ಹೋದರೆ ಗುಂಪನ್ನು ಮುಚ್ಚುವುದೂ ಮುಂದಾಳುವಿನ ಕೆಲಸವೇ. ಎರಡು ತಿಂಗಳ ಮುಂಚಿತ ಸೂಚನೆ ಬೇಕು. ಮೊದಲ ದಿನವೇ ಹೊಸ ಸದಸ್ಯರನ್ನು ಸೇರಿಸುವುದು ನಿಲ್ಲಬೇಕು. ಇದೇ ರೋಗದ ಬೇರೆ ಬಳಗಗಳನ್ನು ಮಾತನಾಡಿಸಿ, ಅವರು ಒಪ್ಪಿದ ಮೇಲೆ ಸದಸ್ಯರಿಗೆ ಆ ಹೆಸರು ಕೊಡಬೇಕು. ಮಾಹಿತಿಯ ಕಡತವನ್ನು ದಿನಾಂಕದೊಂದಿಗೆ ಅವರಿಗೇ ಒಪ್ಪಿಸಬಹುದು. ವೈಯಕ್ತಿಕ ಸಂದೇಶ, ರಿಪೋರ್ಟ್, ಫೋನ್ ನಂಬರುಗಳನ್ನು ಒಪ್ಪಿಸಬಾರದು, ಅಳಿಸಬೇಕು. ಕೊನೆಯ ಎರಡು ವಾರ ಗುಂಪು ಓದಲಷ್ಟೇ ತೆರೆದಿರಲಿ. ಆ ದಿನಗಳಲ್ಲಿ, ಎಂದೂ ಏನೂ ಬರೆಯದೆ ಓದುತ್ತಲೇ ಇದ್ದವರಿಂದ ಮೊದಲ ಸಲ ಸಂದೇಶಗಳು ಬರಬಹುದು. ತಂಡದ ಖಾತೆಯನ್ನು ಕೊನೆಯ ದಿನದವರೆಗೂ ಮುಚ್ಚದೆ ಇಡುವುದು ಅವರಿಗಾಗಿ.